ಬೇಲಿಯೇ ಹಸುವನ್ನು ಮೇಯ್ದಾಗ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬುದು ಹಿರಿಯರ ಮಾತು. ಆದರೆ ಬೇರೆ ಮೇವು ಸಾಕಷ್ಟಿರುವಾಗ ಆಡೂ ಬಿಟ್ಟುಹೋಗುವ ಗಿಡವೊಂದುಂಟು, ಅದೇ ಲಂಟಾನ. ನಮ್ಮೂರ ಬೇಲಿಗಳಲ್ಲಿ ಕೆಂಪು, ಹಳದಿ ಹೂಗೊಂಚಲು ಹೊತ್ತು ನಿಂತ ಈ ಪೊದೆಯನ್ನು ಕಾಣದ ವಾಚಕರು ವಿರಳ. ಅಮೆರಿಕದ ಉಷ್ಣವಲಯದ ಈ ಗಿಡವನ್ನು ೧೯ನೆಯ ಶತಮಾನದ ಆದಿಯಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಇಂದು ಅದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡುಗಳಲ್ಲಿ ದಟ್ಟವಾಗಿ ಹಬ್ಬಿ, ಹುಲ್ಲಿನ ನೆಲೆಯನ್ನು ಕಬಳಿಸಿದೆ.

ವಾಣಿಜ್ಯ ಪದವೀಧರನಾದ ನನಗೆ ಇದರ ವಿಷದ ಪರಿಚಯವಾದದ್ದು ಸಾಲದ ಖಾತೆಯೊಂದರ ಮೂಲಕ. ಮಳೆ ಕೈಕೊಟ್ಟ ೨೦೧೨ರಲ್ಲಿ ನಾನು ಚಾಮರಾಜನಗರ ಜಿಲ್ಲೆಯ ಕಾಡಂಚಿನ ಶಾಖೆಯಲ್ಲಿದ್ದೆ. ರೈತರೊಬ್ಬರು ನಮ್ಮಿಂದ ಸಾಲ ಪಡೆದು ದೂರದ ಸಂತೆಯಿಂದ ಹಸುವೊಂದನ್ನು ತಂದಿದ್ದರು. ಕೆಲವೇ ವಾರಗಳಲ್ಲಿ ಅದು ಮೇವು ಬಿಟ್ಟಿತು, ಕಣ್ಣು ಹಳದಿಯಾಯಿತು, ಮೂತಿ, ಕಿವಿಗಳ ಚರ್ಮ ಸುಟ್ಟಂತೆ ಸುಲಿಯಿತು. ಬಿಸಿಲಿನ ಬಾಧೆಯೆಂದೇ ಎಲ್ಲರೂ ಬಗೆದೆವು. ಪಶುವೈದ್ಯರನ್ನು ಕರೆತರುವ ವೇಳೆಗೆ ಕಾಲ ಮಿಂಚಿತ್ತು.

ಆ ವೈದ್ಯರು ವಿವರಿಸಿದ ಸಂಗತಿ ಇದು: ಲಂಟಾನದ ಎಲೆಯಲ್ಲಿರುವ ಲ್ಯಾಂಟಡೀನ್ ಎಂಬ ವಿಷವಸ್ತುಗಳು ಯಕೃತ್ತನ್ನು ಘಾಸಿಗೊಳಿಸಿ ಪಿತ್ತರಸದ ಹರಿವನ್ನು ತಡೆಯುತ್ತವೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಸೊಪ್ಪಿನ ಹಸಿರು ಜೀರ್ಣವಾಗುವಾಗ ಫಿಲ್ಲೋಎರಿಥ್ರಿನ್ ಎಂಬ ವಸ್ತು ಹುಟ್ಟಿ, ಪಿತ್ತದೊಡನೆ ಹೊರಹೋಗುವುದು ವಾಡಿಕೆ. ಆ ದಾರಿ ಮುಚ್ಚಿದರೆ ಅದು ರಕ್ತದಲ್ಲಿ ಶೇಖರವಾಗಿ ಚರ್ಮವನ್ನು ಸೇರುತ್ತದೆ. ಬಿಸಿಲು ತಾಗಿದಾಗ ಚರ್ಮ ಬೇಯುತ್ತದೆ. ಇತ್ತ ಹೊಟ್ಟೆಯ ಚಲನೆಯೂ ಕುಂಠಿತವಾಗಿ ತಿಂದ ಸೊಪ್ಪು ಅಲ್ಲಿಯೇ ಉಳಿಯುವುದರಿಂದ, ಮೇಯುವುದು ನಿಂತ ಮೇಲೂ ವಿಷ ದೇಹಕ್ಕೆ ಇಳಿಯುತ್ತಲೇ ಇರುತ್ತದೆ. ಅಸಲು ತೀರದ ಸಾಲಕ್ಕೆ ಬಡ್ಡಿ ಬೆಳೆದಂತೆ.

ಹಾಗಾದರೆ ಆ ಹಸು ಅದನ್ನು ತಿಂದದ್ದೇಕೆ? ಆ ನೆಲದಲ್ಲೇ ಬೆಳೆದ ದನಗಳು ಈ ಗಿಡವನ್ನು ಸಾಮಾನ್ಯವಾಗಿ ಮೂಸಿ ಬಿಡುತ್ತವೆ. ಹೊಸದಾಗಿ ಬಂದ ಪ್ರಾಣಿಗೆ ಆ ತಿಳಿವಳಿಕೆಯಿಲ್ಲ. ಬರಗಾಲದ ಹಸಿವು ಬೇರೆ.

ಊರಿನಲ್ಲಿ ದನಕರುಗಳಿರುವ ಬಂಧುಗಳಿಗೆ ವಾಚಕರು ಇಷ್ಟನ್ನು ತಿಳಿಸಬೇಕು. ಹೊಸ ಹಸುವನ್ನು ಹಸಿದ ಹೊಟ್ಟೆಯಲ್ಲಿ ಪೊದೆಗಳತ್ತ ಬಿಡಬಾರದು. ಮೊದಲು ಹುಲ್ಲು ಹಾಕಬೇಕು. ಮಲಬದ್ಧತೆ, ಕಾಮಾಲೆ, ಚರ್ಮ ಸುಲಿಯುವುದು ಕಂಡರೆ ಕೂಡಲೇ ನೆರಳಿಗೆ ಕಟ್ಟಿ, ಅಂದೇ ಪಶುವೈದ್ಯರನ್ನು ಕರೆಸಬೇಕು. ವಿಷ ಹೀರುವ ಇದ್ದಿಲ ಪುಡಿ ಕುಡಿಸುವ ಚಿಕಿತ್ಸೆಯುಂಟು. ಅದು ಬೇಗ ದೊರೆತಷ್ಟೂ ಫಲ ಹೆಚ್ಚು. ಮಕ್ಕಳೂ ಈ ಗಿಡದ ಹಸಿರು ಕಾಯಿ ತಿನ್ನದಂತೆ ನೋಡಿಕೊಳ್ಳುವುದು ಲೇಸು.

ವಿಮೆಯ ಹಣ ಬಂದು ಆ ಸಾಲದ ಖಾತೆ ಮುಗಿಯಿತು. ನಮ್ಮ ಲೆಕ್ಕದಲ್ಲಿ ಯಾವ ನಷ್ಟವೂ ಉಳಿಯಲಿಲ್ಲ. ಆ ಮನೆಯ ಮಕ್ಕಳಿಗೆ ಮಾತ್ರ ಹಾಲು ನಿಂತಿತ್ತು. ಪರಸ್ಥಳಕ್ಕೆ ಬಂದವರಿಗೆ ಯಾವುದು ಮೇವು, ಯಾವುದು ವಿಷ ಎಂದು ಮೊದಲೇ ತಿಳಿಸುವವರು ಬೇಕೆಂಬುದನ್ನು ಈ ಮಹಾನಗರದಲ್ಲಿರುವ ನಮಗಿಂತ ಚೆನ್ನಾಗಿ ಬಲ್ಲವರಾರು?