ನಿಮಗಿದು ಗೊತ್ತೇ? ಕಾಗದದಲ್ಲಿ ಬಂದ ಮದ್ದು

ಆದೋನಿ ಕೋಟೆಯನ್ನು 1786ರಲ್ಲಿ ಮುತ್ತಿ ಗೆದ್ದ ಟಿಪ್ಪು ಸುಲ್ತಾನ್ ಕಾಗದದಲ್ಲೇ ವೈದ್ಯವನ್ನೂ ಹೇಳುತ್ತಿದ್ದನೆಂಬುದು ಗೊತ್ತೇ? ಅವನ ಪಾರಸಿ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ. ಸೈನ್ಯ, ಕಂದಾಯಗಳ ಮಾತಿನ ನಡುವೆ ಅಲ್ಲೊಂದು ಹುಚ್ಚುನಾಯಿ ಕಡಿತದ ಪ್ರಸಂಗವಿದೆ. ಗಾಯ ಬೇಗ ಮುಚ್ಚಿಕೊಳ್ಳಲು ಬಿಡಬೇಡಿ, ಒಳಗಿನದು ಚೆನ್ನಾಗಿ ಸೋರಿಹೋಗಲಿ ಎಂಬುದು ಸುಲ್ತಾನನ ಸೂಚನೆ.

ಕಚ್ಚಿದ ಗಾಯಕ್ಕೆ ತಕ್ಷಣ ಹೊಲಿಗೆ ಹಾಕುವುದನ್ನು ಇಂದಿನ ವೈದ್ಯರೂ ಆದಷ್ಟು ತಪ್ಪಿಸುತ್ತಾರೆ. ಆದರೆ ಜೀವ ಉಳಿಸುವುದು ಬೇರೆಯೇ: ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು, ಅಂದೇ ಲಸಿಕೆ ಹಾಕಿಸುವುದು. ಆ ಲಸಿಕೆಯನ್ನು ಪಾಶ್ಚರ್ ಮೊದಲು ಮನುಷ್ಯನಿಗೆ ಕೊಟ್ಟದ್ದು 1885ರಲ್ಲಿ. ಸುಣ್ಣ, ಖಾರದಪುಡಿ ಮೆತ್ತುತ್ತಾ ಕೂರಬೇಡಿ, ದಯವಿಟ್ಟು!



ವೈದ್ಯದ ಪುಸ್ತಕಗಳೂ ಸುಲ್ತಾನನ ಬಳಿ ಇದ್ದವು: ಅವನ ಗ್ರಂಥಭಂಡಾರಕ್ಕೆ ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ವೈದ್ಯಗ್ರಂಥಗಳೇ 62.

ಟಿಪ್ಪುವಿನಂತೆ ರೋಗಿಯನ್ನು ನೋಡದೆ ಮದ್ದು ಹೇಳುವುದು ಆಗ ಯುರೋಪಿನಲ್ಲೂ ವಾಡಿಕೆ. ಸ್ಟೆತಾಸ್ಕೋಪು ಬಂದದ್ದೇ 1816ರಲ್ಲಿ. ಅಲ್ಲಿಯವರೆಗೆ ರೋಗಿ ಹೇಳಿಕೊಂಡದ್ದೇ ವೈದ್ಯನಿಗೆ ಮುಖ್ಯ ಆಧಾರ, ಅದನ್ನು ಎದುರಿಗೆ ಕೂತು ಹೇಳಿದರೇನು, ಬರೆದು ಕಳಿಸಿದರೇನು? ಲೊಸಾನ್ ಊರಿನ ವೈದ್ಯ ಟಿಸೊ 1761ರ ತನ್ನ ಜನಪ್ರಿಯ ಪುಸ್ತಕದಲ್ಲಿ, ಕಾಗದ ಬರೆಯುವ ರೋಗಿ ಏನೇನು ತಿಳಿಸಬೇಕೆಂದು ಪ್ರಶ್ನೆಗಳ ಪಟ್ಟಿಯನ್ನೇ ಕೊಟ್ಟ. ಎಷ್ಟು ಒಳ್ಳೆಯ ಕೆಲಸ! ಆಸ್ಪತ್ರೆಗೆ ಹೋದಾಗ ಹೇಳಬೇಕಾದ್ದೇ ಮರೆತು ಬರುವ ನಮಗೂ ಅಂಥದೊಂದು ಪಟ್ಟಿ ಬೇಕು.

ಎಡಿನ್‌ಬರೋದ ವೈದ್ಯ ವಿಲಿಯಂ ಕಲೆನ್‌ಗೆ ಕಡಲಾಚೆಯಿಂದಲೂ ಕಾಗದಗಳು ಬರುತ್ತಿದ್ದವು. ಬರೆಯುತ್ತಿದ್ದವರು ರೋಗಿಗಳಷ್ಟೇ ಅಲ್ಲ, ಅವರ ಮನೆಯವರು, ಊರ ವೈದ್ಯರೂ ಹೌದು. ತನ್ನ ಉತ್ತರಗಳ ನಕಲು ತೆಗೆಯಲು ಅವನು 1781ರಿಂದ ಬಳಸಿದ್ದು ಜೇಮ್ಸ್ ವಾಟ್ ಕಂಡುಹಿಡಿದ ಯಂತ್ರ. ಹೌದು, ಉಗಿಯಂತ್ರದ ಅದೇ ವಾಟ್! ಒದ್ದೆ ಮಾಡಿದ ತೆಳು ಹಾಳೆಯನ್ನು ಬರಹದ ಮೇಲಿಟ್ಟು ಒತ್ತಿದರೆ ಶಾಯಿ ಅದಕ್ಕೂ ಹತ್ತುತ್ತಿತ್ತು. ಮೂಡಿದ ಅಕ್ಷರ ತಿರುಗುಮುರುಗು, ಹಾಳೆಯನ್ನು ಹಿಂಬದಿಯಿಂದ ನೋಡಿದರೆ ಸರಿಯಾಗಿ ಓದಬಹುದು. ಹೀಗೆ ಉಳಿದ ಸಾವಿರಾರು ಪತ್ರಗಳನ್ನು ಎಡಿನ್‌ಬರೋದ ವೈದ್ಯರ ರಾಯಲ್ ಕಾಲೇಜು ಕಾಪಾಡಿಕೊಂಡು ಬಂದಿದೆ. ಅವೀಗ ಅಂತರ್ಜಾಲದಲ್ಲಿವೆ, ಯಾರು ಬೇಕಾದರೂ ಓದಬಹುದು.