ಉಪ್ಪು, ಸಕ್ಕರೆ, ನೀರು: ಭೇದಿಯ ರೋಗಿಗೆ ಶುಶ್ರೂಷೆ

ವಾಂತಿಭೇದಿ ನಮ್ಮ ಮನೆಗಳಿಗೆ ಅಪರಿಚಿತವಾದ ಬೇನೆಯಲ್ಲ. ಮದುವೆಯ ಊಟ, ಜಾತ್ರೆಯ ನೀರು, ಮೊದಲ ಮಳೆಗೆ ಕದಡಿದ ಬಾವಿ, ಇವುಗಳಲ್ಲಿ ಯಾವುದಾದರೊಂದು ನೆಪವಾಗಿ ಮನೆಯಲ್ಲೊಬ್ಬರು ಹಾಸಿಗೆ ಹಿಡಿಯುವುದುಂಟು. ಬಹುಪಾಲು ಸಂದರ್ಭಗಳಲ್ಲಿ ಬೇನೆ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಿದ್ದರೂ ಇದರಿಂದ ಪ್ರಾಣ ಹೋಗುವುದುಂಟು. ಅದು ಹೆಚ್ಚಾಗಿ ದೇಹದ ನೀರೂ ಲವಣಗಳೂ ಬರಿದಾಗುವುದರಿಂದ. ಆದುದರಿಂದ ಶುಶ್ರೂಷೆ ಮಾಡುವವರ ಮೊದಲ ಕರ್ತವ್ಯ ಭೇದಿಯನ್ನು ಕಟ್ಟುವುದಲ್ಲ, ಕಳೆದುಹೋದ ನೀರನ್ನು ಮರಳಿ ತುಂಬುವುದು.

ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಅರುವತ್ತು ದಾಟಿದ ನನ್ನ ದೊಡ್ಡಮ್ಮನಿಗೆ ಭೇದಿ ಹಿಡಿಯಿತು. ನೀರು ಕುಡಿದರೆ ಭೇದಿ ಹೆಚ್ಚುತ್ತದೆ, ಕೊಡಬೇಡಿ ಎಂಬುದು ಮನೆಯ ಹಿರಿಯರ ಮತ. ನಾನು ಒಪ್ಪದೆ, ಶಕ್ತಿ ಬರಲೆಂದು ಸಕ್ಕರೆಯನ್ನು ಧಾರಾಳವಾಗಿ ಕದಡಿ ನಿಂಬೆಯ ಪಾನಕ ಮಾಡಿ, ಲೋಟದ ಮೇಲೆ ಲೋಟ ಕುಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಭೇದಿ ಇಮ್ಮಡಿಯಾಯಿತು. ದೊಡ್ಡಮ್ಮನ ಕಣ್ಣು ಗುಳಿಬಿದ್ದಿತು. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ನೆರೆಮನೆಯಾಕೆ ಬಂದು ಪಾನಕದ ರುಚಿ ನೋಡಿ, “ಏನು ಮೇಷ್ಟ್ರೇ, ಇಷ್ಟು ಸಕ್ಕರೆ ಹಾಕಿದರೆ ಅದು ಮೈಯೊಳಗಿನ ನೀರನ್ನೇ ಕರುಳಿಗೆ ಎಳೆಯುವುದಿಲ್ಲವೆ?” ಎಂದರು. ವರ್ಷವರ್ಷವೂ ತರಗತಿಯಲ್ಲಿ ಅಭಿಸರಣದ ಪಾಠ ಹೇಳುವ ನಾನು ತಲೆ ತಗ್ಗಿಸಬೇಕಾಯಿತು. ಅವರು ಹೇಳಿದ ಅಳತೆಯಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ರಾತ್ರಿಯೆಲ್ಲ ಕುಡಿಸಿದೆವು. ಬೆಳಗಾಗುವಷ್ಟರಲ್ಲಿ ದೊಡ್ಡಮ್ಮ ಎದ್ದು ಕುಳಿತರು.

ಕರುಳಿನ ಜಮಾಖರ್ಚು

ಆರೋಗ್ಯವಂತ ವಯಸ್ಕನ ಕರುಳಿಗೆ ದಿನವೊಂದಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಬರುತ್ತದೆ. ಇದರಲ್ಲಿ ನಾವು ತಿಂದು ಕುಡಿದುದು ಸುಮಾರು 2 ಲೀಟರ್. ಉಳಿದದ್ದೆಲ್ಲ ಜೊಲ್ಲು, ಜಠರರಸ, ಪಿತ್ತರಸ ಮೊದಲಾಗಿ ದೇಹವೇ ಸುರಿಸಿದ ರಸಗಳು. ಸಣ್ಣಕರುಳು ಇದರ ಬಹುಭಾಗವನ್ನೂ ದೊಡ್ಡಕರುಳು ಮಿಕ್ಕುದನ್ನೂ ಹೀರಿಕೊಂಡು, ಮಲದಲ್ಲಿ ಹೋಗುವ ನೀರು 100ರಿಂದ 200 ಮಿಲಿಲೀಟರಿನಷ್ಟು ಮಾತ್ರ. ಇಂತಹ ದೊಡ್ಡ ವಹಿವಾಟಿನಲ್ಲಿ ಹೀರುವಿಕೆ ತುಸು ತಗ್ಗಿದರೂ, ಒಸರುವಿಕೆ ತುಸು ಹೆಚ್ಚಿದರೂ ಮಲ ನೀರಾಗುವುದರಲ್ಲಿ ಆಶ್ಚರ್ಯವೇನು? ಕಾಲರಾದಂತಹ ಬೇನೆಯಲ್ಲಿ ಒಂದೇ ದಿನದಲ್ಲಿ 10 ಲೀಟರಿಗೂ ಮೇಲ್ಪಟ್ಟು ನೀರು ನಷ್ಟವಾಗಬಹುದು.

ಸಕ್ಕರೆ ಎರಡು ಬಗೆಯಾಗಿ ವರ್ತಿಸುವುದೇಕೆ?

ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಅವು ನೀರು ಬಿಟ್ಟಿರುತ್ತವೆ. ಉಪ್ಪಿನಕಾಯಿ ಹಾಕುವವರೆಲ್ಲರೂ ಇದನ್ನು ಬಲ್ಲರು. ತೆಳುವಾದ ಪೊರೆಯ ಎರಡು ಕಡೆಗಳಲ್ಲಿ ದ್ರಾವಣಗಳ ಸಾಂದ್ರತೆ ಬೇರೆಬೇರೆಯಾಗಿದ್ದರೆ, ನೀರು ತೆಳು ದ್ರಾವಣದಿಂದ ಗಟ್ಟಿ ದ್ರಾವಣದ ಕಡೆಗೆ ಸಾಗುತ್ತದೆ. ಇದೇ ಅಭಿಸರಣ. ಕರುಳಿನ ಒಳಗೆ ಸಕ್ಕರೆ ಮಿತಿಮೀರಿದಾಗ ರಕ್ತದ ಕಡೆಯಿಂದ ನೀರು ಕರುಳಿಗೆ ಇಳಿಯುತ್ತದೆ. ನನ್ನ ಪಾನಕ ಮಾಡಿದ ಅನಾಹುತ ಇದು. ಅಂಗಡಿಯ ಸಿಹಿ ಪಾನೀಯಗಳಲ್ಲಿ ಅನೇಕವು ಲೀಟರಿಗೆ 100 ಗ್ರಾಂನಷ್ಟು ಸಕ್ಕರೆಯುಳ್ಳವು. ಅವೂ ಭೇದಿಯ ರೋಗಿಗೆ ಸಲ್ಲವು.

ಆದರೆ ಹಿತಮಿತವಾದ ಸಕ್ಕರೆ ಇದಕ್ಕೆ ವಿರುದ್ಧವಾದ ಉಪಕಾರವನ್ನು ಮಾಡುತ್ತದೆ. ಸಣ್ಣಕರುಳಿನ ಜೀವಕೋಶಗಳ ಗೋಡೆಯಲ್ಲಿ ಒಂದು ವಿಶೇಷವಾದ ಬಾಗಿಲಿದೆಯೆನ್ನಬಹುದು. ಗ್ಲೂಕೋಸಿನ ಒಂದು ಅಣು ಸೋಡಿಯಂನ ಎರಡು ಅಯಾನುಗಳನ್ನು ಜೊತೆಗೂಡಿಸಿಕೊಂಡೇ ಅದನ್ನು ದಾಟುತ್ತದೆ. ಇವು ಒಳಹೊಕ್ಕಂತೆ ನೀರೂ ಹಿಂಬಾಲಿಸುತ್ತದೆ. ಈ ಜೊತೆಸಾಗಣೆಯ ಕಲ್ಪನೆಯನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಮುಂದಿಟ್ಟರು. ಕಾಲರಾದ ವಿಷ ಕರುಳಿನಿಂದ ನೀರನ್ನು ಹೊರಚೆಲ್ಲಿಸುತ್ತಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲವೆಂಬುದೇ ಭಾಗ್ಯ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಸಂಗಡಿಗರು ಕಾಲರಾ ರೋಗಿಗಳಿಗೆ ಇಂತಹ ದ್ರಾವಣವನ್ನು ಕುಡಿಸಿ, ರಕ್ತನಾಳಕ್ಕೆ ಕೊಡಬೇಕಾದ ದ್ರವ ಬಹಳವಾಗಿ ತಗ್ಗುವುದೆಂದು ತೋರಿಸಿದರು.

ಇದರ ಕಠಿನವಾದ ಪರೀಕ್ಷೆ ನಡೆದುದು 1971ರಲ್ಲಿ. ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ರಕ್ತನಾಳಕ್ಕೆ ಕೊಡುವ ಲವಣದ್ರಾವಣ ಮುಗಿಯುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾಗಳ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕದಡಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇಕಡ 30ರಷ್ಟಿದ್ದ ಸಾವು ಶೇಕಡ 4ಕ್ಕಿಂತ ಕೆಳಗಿಳಿಯಿತು. ಶುಶ್ರೂಷೆ ಮಾಡಿದವರು ತರಬೇತಿ ಪಡೆದವರಲ್ಲ. ತಾಯಂದಿರು, ಅಣ್ಣತಮ್ಮಂದಿರು ಎಂಬುದನ್ನು ನಾವು ಮರೆಯಬಾರದು.

ದ್ರಾವಣವನ್ನು ಮಾಡುವ ಕ್ರಮ

ಔಷಧದ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣವೇ ಉತ್ತಮ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರದಂತೆ ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರಬೇಕು. ಈ ದ್ರಾವಣ ರಕ್ತಕ್ಕಿಂತ ತುಸು ತೆಳುವಾಗಿರುವುದರಿಂದ ಅಭಿಸರಣವೂ ನಮ್ಮ ಪಕ್ಷದಲ್ಲಿಯೇ ಇರುತ್ತದೆ. ಪೊಟ್ಟಣದ ಮೇಲೆ ಬರೆದಿರುವಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಹಾಕಬೇಕು. ಬೇರೆ ಸಕ್ಕರೆಯನ್ನು ಸೇರಿಸಬಾರದು. ಪೊಟ್ಟಣ ಸಿಕ್ಕದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಆದುದರಿಂದ ಕಣ್ಣಂದಾಜು ಸಲ್ಲದು. 24 ಗಂಟೆಯ ಬಳಿಕ ಉಳಿದುದನ್ನು ಚೆಲ್ಲಿ ಹೊಸದಾಗಿ ಮಾಡಬೇಕು.

ಹಾಸಿಗೆಯ ಬಳಿಯಲ್ಲಿ

ರೋಗಿ ಭೇದಿಗೆ ಹೋಗಿ ಬಂದಾಗಲೆಲ್ಲ ಒಂದು ದೊಡ್ಡ ಲೋಟದಷ್ಟನ್ನು ಗುಟುಕು ಗುಟುಕಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಚಮಚದಿಂದ ನಿಧಾನವಾಗಿ ಮತ್ತೆ ಆರಂಭಿಸಿ. ಎಷ್ಟು ಸಲ ಭೇದಿಯಾಯಿತು, ಎಷ್ಟು ಕುಡಿದರು, ಮೂತ್ರ ಯಾವಾಗ ಆಯಿತು ಎಂಬುದನ್ನು ಒಂದು ಕಾಗದದಲ್ಲಿ ಬರೆದಿಡಿ. ವೈದ್ಯರಿಗೆ ಇದರಿಂದ ಬಹಳ ಅನುಕೂಲ. ಉಪವಾಸ ಕೆಡವಬೇಡಿ. ಹಸಿವಾದೊಡನೆ ಗಂಜಿ, ಮೊಸರನ್ನ, ಬಾಳೆಹಣ್ಣು ಕೊಡಬಹುದು. ಪದೇ ಪದೇ ಭೇದಿಯಾಗಿ ಗುದದ್ವಾರದ ಸುತ್ತಲಿನ ಚರ್ಮ ಹುಣ್ಣಾಗುವುದರಿಂದ ಮೆಲ್ಲನೆ ತೊಳೆದು, ಒತ್ತಿ ಒರಸಿ, ವ್ಯಾಸಲಿನ್ ಹಚ್ಚಬೇಕು. ಆರೈಕೆ ಮಾಡುವವರು ಪ್ರತಿಸಲವೂ ಸಾಬೂನಿನಿಂದ ಕೈ ತೊಳೆಯದಿದ್ದರೆ ಮರುದಿನ ಅವರೇ ರೋಗಿಗಳಾದಾರು. ಭೇದಿ ಕಟ್ಟುವ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ಕೊಡಬಾರದು. ಜ್ವರವಾಗಲಿ ರಕ್ತವಾಗಲಿ ಇದ್ದಾಗ ಅವು ಕೇಡು ಮಾಡಬಹುದು.

ಇಷ್ಟಾದರೂ ಎಲ್ಲವೂ ಮನೆಯಲ್ಲಿ ಸಾಗುವುದಿಲ್ಲ. ಮಲದಲ್ಲಿ ರಕ್ತ, ಹೆಚ್ಚಿನ ಜ್ವರ, ತಡೆಯಿಲ್ಲದ ವಾಂತಿ, ಸಹಿಸಲಾರದ ಹೊಟ್ಟೆನೋವು, ಅಕ್ಕಿ ತೊಳೆದ ನೀರಿನಂತಹ ಭೇದಿ, ಆರೆಂಟು ಗಂಟೆ ಮೂತ್ರವಾಗದಿರುವುದು, ಎದ್ದು ನಿಂತರೆ ತಲೆಸುತ್ತು, ಮಂಕು, ಚಿವುಟಿ ಬಿಟ್ಟ ಚರ್ಮ ತಡವಾಗಿ ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಒಯ್ಯಬೇಕು, ದಾರಿಯಲ್ಲಿಯೂ, ಎಚ್ಚರವಿದ್ದು ನುಂಗಬಲ್ಲವರಾದರೆ, ಕುಡಿಸುತ್ತಿರಬೇಕು. ವೃದ್ಧರು, ಗರ್ಭಿಣಿಯರು, ಹೃದಯ, ಮೂತ್ರಪಿಂಡ ಅಥವಾ ಸಿಹಿಮೂತ್ರದ ರೋಗವುಳ್ಳವರು ಇವರ ವಿಷಯದಲ್ಲಿ ಮೊದಲೇ ವೈದ್ಯರನ್ನು ಕೇಳುವುದು ಲೇಸು.

ನಮ್ಮ ಮನೆಯಲ್ಲಿ ಈಗ ಅಡಿಗೆಮನೆಯ ಗೂಡಿನಲ್ಲಿ ಎರಡು ಪೊಟ್ಟಣಗಳು ಯಾವಾಗಲೂ ಇರುತ್ತವೆ. ಅವುಗಳ ಅವಧಿ ಮುಗಿಯಿತೇ ಎಂದು ತಿಂಗಳಿಗೊಮ್ಮೆ ನೋಡುವವರು ದೊಡ್ಡಮ್ಮನೇ.