ನಿಮಗಿದು ಗೊತ್ತೆ? ಕಳ್ಳನ ಮೇಲೆ ನೀರಿನ ದೇವಿಗೆ ದೂರು
ಇಂಗ್ಲೆಂಡಿನ ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಗೆ ಸುಲಿಸ್ ಅಧಿದೇವತೆಯಾಗಿದ್ದಳು. ರೋಮನ್ನರು ಅವಳನ್ನು ತಮ್ಮ ಮಿನರ್ವಾಳೊಂದಿಗೆ ಒಂದಾಗಿಸಿ ಪೂಜಿಸಿದರು. ನೀರಿನ ಬಿಸಿ ಸುಮಾರು 46 ಡಿಗ್ರಿ ಸೆಲ್ಸಿಯಸ್. ಹಾಗಾಗಿ ಆಕೆ ಬರೀ ರೋಗ ಕಳೆಯುವ ದೇವಿ ಎಂದುಬಿಡುವುದು ಸುಲಭ. ಆದರೆ ಬುಗ್ಗೆಯಲ್ಲಿ ಸಿಕ್ಕ ಶಾಪ ಬರೆದ ಸುಮಾರು 130 ಲೋಹದ ತಗಡುಗಳು ಬೇರೆಯದನ್ನೇ ಹೇಳುತ್ತವೆ. ಓದಲು ಬಂದವುಗಳಲ್ಲಿ ಹೆಚ್ಚಿನವು ಕಳ್ಳತನದ ದೂರುಗಳು: ಮೇಲಂಗಿ, ಸ್ನಾನದ ಉಡುಪು, ಹಣ. ಡೊಸಿಮೆಡಿಸ್ ಎಂಬಾತ ಕಳೆದುಕೊಂಡದ್ದು ಎರಡು ಕೈಗವಸು. ಕದ್ದವರ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬೇಡಿದ. (ಕೈಗವಸಿಗೆ ಇದು ತುಸು ದುಬಾರಿ ಶಿಕ್ಷೆಯೇ!) ರೋಗಿಗಳು ಅರ್ಪಿಸಿದ ಮರ, ಬಟ್ಟೆಯ ಹರಕೆಗಳು ಕೊಳೆತುಹೋಗಿ ಲೋಹವಷ್ಟೇ ಉಳಿದಿರಬಹುದಲ್ಲ ಎನ್ನಬಹುದು. ನಿಜ, ರೋಗಿಗಳು ಬರಲೇ ಇಲ್ಲವೆಂದು ತಗಡುಗಳಿಂದ ಸಾಧಿಸಲಾಗದು. ಆದರೂ ಬಟ್ಟೆ ಬಿಚ್ಚಿಟ್ಟು ನೀರಿಗಿಳಿದ ಭಕ್ತರಿಗೆ ಆಕೆ ನ್ಯಾಯ ಕೊಡುವವಳೂ ಆಗಿದ್ದಳೆಂಬುದನ್ನು ಅಲ್ಲಗಳೆಯುವಂತಿಲ್ಲ.